ಅಕ್ಕಡಿ ಸಾಲಿನ ಲೆಕ್ಕ

ಮೂವತ್ತು ವರ್ಷಕ್ಕೂ ಮಿಕ್ಕಿ ಕಾಲೇಜಿನ ಹುಡುಗರಿಗೆ ಹಳಗನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ಷೇರುಪೇಟೆಯ ವಿಷಯವಾಗಿ ಮಾತನಾಡಲು ಹೊರಟರೆ ಕೇಳುವವರಿಗೆ ಅನುಮಾನ ಬರುವುದು ಸಹಜ. ಆಕಾಶವಾಣಿಯ ಮಿತ್ರರಿಗೂ ಬಂದಿತ್ತು. ನನ್ನ ಪಾಲಿಗೆ ಇದು ಮೊದಲು ಅರ್ಥಶಾಸ್ತ್ರದ ವಿಷಯವಾಗಿರಲಿಲ್ಲ, ಮನೆಯ ವಿಷಯವಾಗಿತ್ತು. ನನ್ನ ತಂಗಿಯ ಹೆಸರಿನಲ್ಲಿರುವ ನಾಲ್ಕು ಎಕರೆ ಎರೆಹೊಲದ ವಿಷಯ. ಆ ಹೊಲ ಇರುವುದು ಬೀದರ ಜಿಲ್ಲೆಯ ಕಮಲನಗರದಲ್ಲಿ. ಔರಾದಿನಿಂದ ಬೇರ್ಪಟ್ಟು ತಾಲ್ಲೂಕೆನಿಸಿಕೊಂಡಿರುವ, ಉದಗೀರದ ಕಡೆಯಿಂದ ಮರಾಠಿಯೂ ಬೀದರದ ಕಡೆಯಿಂದ ಕನ್ನಡವೂ ಉರ್ದುವೂ ಬಂದು ಕೂಡುವ ಗಡಿಯೂರು ಅದು. ನಾನು ಹುಟ್ಟಿದ್ದೂ ಅಲ್ಲಿಯೇ.

ತಂಗಿಯ ಮಗ ಬಿ.ಕಾಂ. ಓದಿದವನು. ಕೆಲವು ವರ್ಷ ಹೈದರಾಬಾದಿನಲ್ಲಿ ಅಂಗಡಿಗಳ ಲೆಕ್ಕ ಬರೆಯುತ್ತಿದ್ದು, ತಂದೆ ತೀರಿಕೊಂಡ ಮೇಲೆ ಊರಿಗೆ ಬಂದ. ಈಗಲೂ ಲೆಕ್ಕ ಬರೆಯುತ್ತಾನೆ, ಹೊಲವನ್ನೂ ನೋಡಿಕೊಳ್ಳುತ್ತಾನೆ, ಬಿಡುವಿನಲ್ಲಿ ಕೈಯೊಳಗಿನ ಫೋನಿನಲ್ಲಿ ಷೇರು ಕೊಳ್ಳುತ್ತಾನೆ, ಮಾರುತ್ತಾನೆ. ಒಂದು ದಿನ ತಂಗಿಯಿಂದ ಕರೆ ಬಂತು. "ಅಣ್ಣಾ, ಇಂವ ಹೊಲ ಮಾರೂನು ಅಂತಾನ. ನೀ ಒಮ್ಮಿ ಬಂದು ಹೋಗು." ಅಷ್ಟೇ ಹೇಳಿ ಫೋನು ಇಟ್ಟಳು.

ಹೋದೆ. ಬುದ್ಧಿ ಹೇಳುವ ಸಿದ್ಧತೆಯಲ್ಲೇ ಹೋಗಿದ್ದೆ. ಭೂಮಿತಾಯಿ, ಪೂರ್ವಿಕರು, ಹಿರಿಯರ ಬೆವರು ಮುಂತಾದ ಮಾತುಗಳೆಲ್ಲ ದಾರಿಯಲ್ಲಿಯೇ ಜೋಡಣೆಯಾಗಿದ್ದವು. ಹುಡುಗ ಇನ್ನೂರು ಪುಟದ ನೋಟುಪುಸ್ತಕವೊಂದನ್ನು ತಂದು ನನ್ನ ಮುಂದಿಟ್ಟ. "ಮಾಮಾ, ಮೊದಲ ಇದು ನೋಡ್ರಿ, ಆಮ್ಯಾಲ ಬೈರಿ" ಎಂದ. ಅವನ ಲೆಕ್ಕ ಸರಳವಾಗಿತ್ತು. ಹೊಲಕ್ಕೆ ಎಕರೆಗೆ ಹತ್ತು ಲಕ್ಷ ಕೊಡುವವರಿದ್ದಾರೆ. ಎಲ್ಲ ಖರ್ಚು ಕಳೆದು ಎಕರೆಗೆ ವರ್ಷಕ್ಕೆ ಉಳಿಯುವುದು ಸರಾಸರಿ ಇಪ್ಪತ್ತು ಸಾವಿರ. ಅಂದರೆ ನೂರಕ್ಕೆ ಎರಡು. ಬ್ಯಾಂಕಿನ ಠೇವಣಿಗೂ ಅದಕ್ಕಿಂತ ಹೆಚ್ಚು ಸಿಕ್ಕುತ್ತದೆ. ತಾನು ಆರಿಸಿದ ಷೇರುಗಳ ಹಿಂದಿನ ಕೆಲವು ವರ್ಷಗಳ ಸರಾಸರಿ ತೆಗೆದಿದ್ದ: ನೂರಕ್ಕೆ ಹದಿನೈದು. ನಲವತ್ತು ಲಕ್ಷದ ಮೇಲೆ ವರ್ಷಕ್ಕೆ ಆರು ಲಕ್ಷ. "ಹೊಲದಾಗ ಎಂಬತ್ತು ಸಾವಿರ, ಇಲ್ಲಿ ಆರು ಲಕ್ಷ. ಈಗ ನೀವೇ ಹೇಳ್ರಿ."

ನಾನು ಸುಮ್ಮನಾದೆ. ಲೆಕ್ಕ ತಪ್ಪಿರಲಿಲ್ಲ. ಭೂಮಿತಾಯಿಯ ಮಾತು ಆ ಪುಟದ ಎದುರಿಗೆ ನಿಲ್ಲುವಂತಿರಲಿಲ್ಲ. ಜೊತೆಗೆ, ಹಣದ ವಿಷಯದಲ್ಲಿ ಬುದ್ಧಿ ಹೇಳುವ ಅಧಿಕಾರ ನನಗೆಲ್ಲಿಯದು? ನಿವೃತ್ತನಾದಾಗ ಕೈಗೆ ಬಂದ ಇಡುಗಂಟಿನ ಬಹುಭಾಗವನ್ನು ನಾನು ಒಂದು ಪತ್ತಿನ ಸಹಕಾರ ಸಂಘದಲ್ಲಿ ಇಟ್ಟಿದ್ದೆ. ಬ್ಯಾಂಕಿಗಿಂತ ನೂರಕ್ಕೆ ಎರಡೂವರೆ ರೂಪಾಯಿ ಹೆಚ್ಚಿನ ಬಡ್ಡಿ. ಮೂರು ವರ್ಷ, ಮೂರು ತಿಂಗಳಿಗೊಮ್ಮೆ, ದಿನ ತಪ್ಪದೆ ಬಡ್ಡಿ ಬಂತು. ನಾಲ್ಕನೆಯ ವರ್ಷ ಬಾಗಿಲಿಗೆ ಬೀಗ ಬಿತ್ತು. ಈ ಸಂಗತಿ ಹುಡುಗನಿಗೆ ಚೆನ್ನಾಗಿ ಗೊತ್ತು. ಅವನು ಅದನ್ನು ಎತ್ತಿ ಆಡಲಿಲ್ಲ. ಅದು ಅವನ ದೊಡ್ಡತನ.

ಒಂದು ತಿಂಗಳ ವಾಯಿದೆ ಕೇಳಿ ಬೀದರಕ್ಕೆ ಹಿಂದಿರುಗಿದೆ. ಈ ವಿದ್ಯೆಯನ್ನು ಕಲಿತೇ ಉತ್ತರ ಹೇಳಬೇಕೆಂದು ಹಟ ಹುಟ್ಟಿತ್ತು. ವಾಣಿಜ್ಯ ವಿಭಾಗದಲ್ಲಿದ್ದ ಹಳೆಯ ಸಹೋದ್ಯೋಗಿಗಳನ್ನು ಕಾಡಿದೆ, ಅವರ ಪಠ್ಯಪುಸ್ತಕಗಳನ್ನು ತಂದೆ, ಕನ್ನಡ ಎಂ.ಎ.ಗೆ ಓದಿದ್ದಕ್ಕಿಂತ ಹೆಚ್ಚು ಶ್ರದ್ಧೆಯಿಂದ ಓದಿದೆ. ಕಲಿತದ್ದರಲ್ಲಿ ಒಂದಿಷ್ಟನ್ನು ಈಗ ಹೇಳುತ್ತೇನೆ. ಸಾಧ್ಯವಿದ್ದವರು ಕಾಗದ ಪೆನ್ಸಿಲ್ ಹತ್ತಿರ ಇಟ್ಟುಕೊಂಡರೆ ಒಳ್ಳೆಯದು. ಲೆಕ್ಕವನ್ನು ಬರಿಯ ಕಿವಿಯಲ್ಲಿ ಹಿಡಿದಿಡುವುದು ಕಷ್ಟ.

ಮೊದಲು ಶಬ್ದಗಳು, ಅದು ನನ್ನ ಚಾಳಿ. ಹಾಕಿದ ಹಣದಿಂದ ಬರಬಹುದೆಂದು ಎಣಿಸುವ ಫಲಕ್ಕೆ ಶಾಸ್ತ್ರದಲ್ಲಿ ನಿರೀಕ್ಷಿತ ಪ್ರತಿಫಲ ಎನ್ನುತ್ತಾರೆ. ಒಳ್ಳೆಯ ಶಬ್ದ. ಇನ್ನೊಂದಕ್ಕೆ ಪುಸ್ತಕಗಳಲ್ಲಿ ಅಪಾಯ ಎಂದು ಬರೆದಿರುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ. ಅಪಾಯ ತಾನಾಗಿ ಬಂದೆರಗುವಂಥದು. ನಮ್ಮ ಕಡೆಯ ಜನ ಆಡುವ ಜೋಖಿಮು ಎಂಬ ಮಾತೇ ಇಲ್ಲಿ ಸರಿ. ಜೋಖಿಮು ಬರುವುದಿಲ್ಲ, ಮನುಷ್ಯ ಅದನ್ನು ತಾನೇ ತೆಗೆದುಕೊಳ್ಳುತ್ತಾನೆ, ಫಲದ ಆಸೆಗಾಗಿ.

ನಿರೀಕ್ಷಿತ ಪ್ರತಿಫಲದ ಲೆಕ್ಕ ಹೀಗೆ: ಏನೇನು ಆಗಬಹುದು, ಪ್ರತಿಯೊಂದೂ ಆಗುವ ಸಂಭವ ಎಷ್ಟು ಎಂದು ಬರೆದು, ಫಲವನ್ನು ಸಂಭವದಿಂದ ಗುಣಿಸಿ, ಎಲ್ಲವನ್ನೂ ಕೂಡಿಸುವುದು. ಮುಂದಿನ ಸಂಭವ ಯಾರಿಗೂ ತಿಳಿಯದಾದ್ದರಿಂದ ಸಾಮಾನ್ಯವಾಗಿ ಹಿಂದಿನ ವರ್ಷಗಳ ಸರಾಸರಿಯನ್ನೇ ಮುಂದಕ್ಕೂ ಒಡ್ಡುತ್ತಾರೆ. ಹುಡುಗ ಮಾಡಿದ್ದೂ ಇದನ್ನೇ. ಆದರೆ ಸರಾಸರಿ ಎಂಥ ಮೋಸಗಾರನೆಂಬುದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆ ಸಿಕ್ಕಿತು. ಮುಂಬಯಿ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 2007ರ ಕೊನೆಗೆ 20,287 ಇತ್ತು. 2008ರ ಕೊನೆಗೆ 9,647ಕ್ಕೆ ಇಳಿಯಿತು. ಅಂದರೆ ಒಂದು ವರ್ಷದಲ್ಲಿ ನೂರಕ್ಕೆ 52ಕ್ಕೂ ಹೆಚ್ಚು ನಷ್ಟ. 2009ರಲ್ಲಿ ನೂರಕ್ಕೆ 81ರಷ್ಟು ಏರಿ 17,465ಕ್ಕೆ ಬಂದು ನಿಂತಿತು. ಎರಡು ವರ್ಷದ ಸರಾಸರಿ ತೆಗೆಯಿರಿ: 81ರಲ್ಲಿ 52 ಕಳೆದು ಎರಡರಿಂದ ಭಾಗಿಸಿದರೆ ವರ್ಷಕ್ಕೆ ನೂರಕ್ಕೆ ಹದಿನಾಲ್ಕಕ್ಕೂ ಮಿಕ್ಕ ಲಾಭ. ವಾಸ್ತವವಾಗಿ ಆದದ್ದೇನು? ನೂರು ರೂಪಾಯಿ ಹಾಕಿದವನ ಕೈಯಲ್ಲಿ ಎಂಬತ್ತಾರು ಉಳಿದಿತ್ತು. ನೂರು ಮೊದಲು 48ಕ್ಕೆ ಕುಗ್ಗಿ, ಆಮೇಲೆ ಆ 48 ಮಾತ್ರ ಬೆಳೆದದ್ದು. ಬಿದ್ದದ್ದು ದೊಡ್ಡ ಮೊತ್ತದ ಮೇಲೆ, ಎದ್ದದ್ದು ಸಣ್ಣ ಮೊತ್ತದ ಮೇಲೆ. ಏರಿಳಿತ ಹೆಚ್ಚಾದಷ್ಟೂ ಸರಾಸರಿಗೂ ಕೈಗೆ ಸಿಕ್ಕುವುದಕ್ಕೂ ಅಂತರ ಹೆಚ್ಚು. ಇದನ್ನು ಕಂಡುಕೊಂಡ ರಾತ್ರಿ ನನಗೆ ನಿದ್ರೆ ಬರಲಿಲ್ಲವೆಂದರೆ ಗಣಿತದವರು ನಕ್ಕಾರು.

ಆದುದರಿಂದಲೇ ಸರಾಸರಿಯ ಜೊತೆಗೆ ಚದುರನ್ನೂ ಅಳೆಯಬೇಕು. ಅದಕ್ಕೆ ಮಾನಕ ವಿಚಲನೆ ಎಂದು ಹೆಸರು. ಹೆಸರು ಕೇಳಿ ಹೆದರಬೇಕಾಗಿಲ್ಲ. ನಮ್ಮ ಹೊಲವನ್ನೇ ತೆಗೆದುಕೊಳ್ಳೋಣ. ನಮ್ಮಲ್ಲಿ ಮೃಗಶಿರಾ ಮಳೆಗೆ ಉದ್ದು, ಹೆಸರು, ಸೋಯಾ, ತೊಗರಿ ಎಲ್ಲವನ್ನೂ ಬಿತ್ತುತ್ತಾರೆ. ಉದ್ದು ಎಪ್ಪತ್ತು ಎಂಬತ್ತು ದಿನದ ಬೆಳೆ. ಅದರ ಹಣೆಬರಹವೆಲ್ಲ ಮೊದಲ ಮಳೆಗಳ ಕೈಯಲ್ಲಿ. ತೊಗರಿ ಹಾಗಲ್ಲ. ಆಳಕ್ಕೆ ಬೇರು ಬಿಟ್ಟು ಕಾಯುತ್ತದೆ, ಹಿಂದಿನ ಮಳೆಯನ್ನು ಕುಡಿದು ದೀಪಾವಳಿಯ ಆಚೀಚೆ ಹೂಬಿಟ್ಟು ಸಂಕ್ರಾಂತಿಯ ಸುತ್ತಿಗೆ ಒಕ್ಕಣೆಗೆ ಬರುತ್ತದೆ. ಲೆಕ್ಕದ ಅನುಕೂಲಕ್ಕಾಗಿ ಕೆಲವು ಅಂಕಿಗಳನ್ನು ಊಹಿಸಿಕೊಳ್ಳುತ್ತೇನೆ. ಒಳ್ಳೆಯ ವರ್ಷ ಎಕರೆಗೆ ಹತ್ತು ಸಾವಿರ ಉಳಿಯುತ್ತದೆ, ಕೆಟ್ಟ ವರ್ಷ ಎರಡು ಸಾವಿರ. ಉದ್ದಿಗೂ ಅಷ್ಟೇ, ತೊಗರಿಗೂ ಅಷ್ಟೇ ಎನ್ನಿ. ವರ್ಷಗಳು ನಾಲ್ಕು ಬಗೆ: ಮುಂದಿನ ಮಳೆಯೂ ಹಿಂದಿನ ಮಳೆಯೂ ಚೆನ್ನಾಗಿ ಆದದ್ದು, ಮುಂದಿನದು ಆಗಿ ಹಿಂದಿನದು ಕೈಕೊಟ್ಟದ್ದು, ಮುಂದಿನದು ಕೈಕೊಟ್ಟು ಹಿಂದಿನದು ಆದದ್ದು, ಎರಡೂ ಹೋದದ್ದು. ನಾಲ್ಕಕ್ಕೂ ಸಮನಾದ ಸಂಭವ.

ಬರಿ ಉದ್ದು ಬಿತ್ತಿದವನಿಗೆ ಕ್ರಮವಾಗಿ ಹತ್ತು, ಹತ್ತು, ಎರಡು, ಎರಡು. ಸರಾಸರಿ ಆರು. ಪ್ರತಿ ವರ್ಷವೂ ಆರರಿಂದ ನಾಲ್ಕು ದೂರ. ಆ ದೂರವನ್ನು ವರ್ಗ ಮಾಡಿದರೆ ಹದಿನಾರು. ನಾಲ್ಕು ಹದಿನಾರುಗಳ ಸರಾಸರಿ ಹದಿನಾರೇ. ಅದರ ವರ್ಗಮೂಲ ನಾಲ್ಕು. ಇದೇ ಮಾನಕ ವಿಚಲನೆ. ಬರಿ ತೊಗರಿ ಬಿತ್ತಿದವನಿಗೆ ಹತ್ತು, ಎರಡು, ಹತ್ತು, ಎರಡು. ಅವನಿಗೂ ಸರಾಸರಿ ಆರು, ವಿಚಲನೆ ನಾಲ್ಕು. ಇನ್ನು ಅರ್ಧ ಉದ್ದು, ಅರ್ಧ ತೊಗರಿ ಹಾಕಿದವನನ್ನು ನೋಡಿ. ಅವನಿಗೆ ಹತ್ತು, ಆರು, ಆರು, ಎರಡು. ಸರಾಸರಿ ಆರೇ, ಒಂದು ಕಾಳೂ ಕಡಿಮೆಯಾಗಲಿಲ್ಲ. ವಿಚಲನೆ ಮಾತ್ರ ಎಂಟರ ವರ್ಗಮೂಲ, ಅಂದರೆ ಸುಮಾರು 2.83ಕ್ಕೆ ಇಳಿಯಿತು. ಏನನ್ನೂ ಕಳೆದುಕೊಳ್ಳದೆ ಜೋಖಿಮು ಕಡಿಮೆಯಾಯಿತು.

ಆದರೆ ಉದ್ದಿನ ಜೊತೆಗೆ ತೊಗರಿಯ ಬದಲು ಹೆಸರು ಹಾಕಿದ್ದರೆ? ಹೆಸರೂ ಉದ್ದಿನ ಹಾಗೆಯೇ ಮುಂದಿನ ಮಳೆಯ ಬೆಳೆ. ಅದು ಬಂದ ವರ್ಷ ಇದೂ ಬರುತ್ತದೆ, ಅದು ಹೋದ ವರ್ಷ ಇದೂ ಹೋಗುತ್ತದೆ. ಹತ್ತು, ಹತ್ತು, ಎರಡು, ಎರಡು. ವಿಚಲನೆ ಮತ್ತೆ ನಾಲ್ಕೇ. ಎರಡು ಬೆಳೆ ಹಾಕಿದೆನೆಂಬ ಸಮಾಧಾನ ಬಿಟ್ಟರೆ ಬೇರೇನೂ ಸಿಕ್ಕಲಿಲ್ಲ. ಎರಡು ಫಲಗಳು ಕೂಡಿ ಏರಿ ಕೂಡಿ ಇಳಿಯುತ್ತವೆಯೋ, ಒಂದರ ಕೇಡಿನಲ್ಲಿ ಇನ್ನೊಂದು ನಿಲ್ಲುತ್ತದೆಯೋ ಎಂಬುದನ್ನೂ ಅಂಕಿಯಲ್ಲಿ ಹಿಡಿಯಬಹುದು. ಪ್ರತಿ ವರ್ಷ ಒಂದೊಂದೂ ತನ್ನ ಸರಾಸರಿಯಿಂದ ಮೇಲಕ್ಕೋ ಕೆಳಕ್ಕೋ ಎಷ್ಟು ಸರಿದಿದೆಯೆಂದು ನೋಡಿ, ಆ ಎರಡನ್ನು ಗುಣಿಸಿ, ನಾಲ್ಕೂ ವರ್ಷದ್ದನ್ನು ಕೂಡಿಸಿ ನಾಲ್ಕರಿಂದ ಭಾಗಿಸುವುದು. ಉದ್ದು ತೊಗರಿಗೆ ಅದು ಸೊನ್ನೆ ಬರುತ್ತದೆ. ಉದ್ದು ಹೆಸರಿಗೆ ಹದಿನಾರು. ಸಹವಿಚಲನೆ ಎಂದು ಇದನ್ನು ಕರೆಯೋಣ. ಇಡೀ ಶಾಸ್ತ್ರದ ಜೀವ ಇರುವುದು ಇಲ್ಲಿ.

1952ರಲ್ಲಿ ಅಮೆರಿಕದ ಷಿಕಾಗೋದ ವಿದ್ಯಾರ್ಥಿ, ಇಪ್ಪತ್ತೈದು ತುಂಬದ ತರುಣ ಹ್ಯಾರಿ ಮಾರ್ಕೊವಿಟ್ಸ್ ಹದಿನೈದು ಪುಟದ ಒಂದು ಲೇಖನದಲ್ಲಿ ಇದನ್ನೇ ಷೇರುಗಳಿಗೆ ಅನ್ವಯಿಸಿ ತೋರಿಸಿದ. ಒಂದು ಷೇರಿನ ಜೋಖಿಮನ್ನು ಅದೊಂದನ್ನೇ ನೋಡಿ ಅಳೆಯಬಾರದು, ಗಂಟಿನಲ್ಲಿರುವ ಮಿಕ್ಕವುಗಳ ಜೊತೆಗೆ ಅದು ಹೇಗೆ ನಡೆದುಕೊಳ್ಳುತ್ತದೆಂಬುದನ್ನು ನೋಡಬೇಕು ಎಂಬುದು ಅದರ ತಿರುಳು. ಅವನ ಪ್ರಬಂಧದ ಪರೀಕ್ಷೆಗೆ ಕುಳಿತಿದ್ದ ಮಿಲ್ಟನ್ ಫ್ರೀಡ್‌ಮನ್ ಇದು ಅರ್ಥಶಾಸ್ತ್ರವೇ ಅಲ್ಲವೆಂದು ತಕರಾರು ತೆಗೆದನಂತೆ. ಪ್ರಬಂಧದ ಪರೀಕ್ಷಕರು ಎಲ್ಲ ದೇಶದಲ್ಲಿಯೂ ಒಂದೇ! 1990ರಲ್ಲಿ ಆ ಕೆಲಸಕ್ಕೆ ನೊಬೆಲ್ ಬಹುಮಾನ ಬಂತು. ನನಗೆ ಹೆಚ್ಚು ಹಿಡಿಸಿದ ಸಂಗತಿ ಬೇರೆ. ಅವನು ತನ್ನ ಸ್ವಂತ ನಿವೃತ್ತಿಯ ಹಣವನ್ನು ತನ್ನ ಸೂತ್ರದ ಪ್ರಕಾರ ಹಂಚಲಿಲ್ಲ. ಅರ್ಧ ಷೇರಿಗೆ, ಅರ್ಧ ಸಾಲಪತ್ರಕ್ಕೆ ಹಾಕಿ ಕೈತೊಳೆದುಕೊಂಡ. ಷೇರು ಏರಿದರೆ ನನ್ನಲ್ಲಿ ಇರಲಿಲ್ಲವೆಂದೂ, ಬಿದ್ದರೆ ಎಲ್ಲವೂ ಅಲ್ಲಿಯೇ ಇತ್ತೆಂದೂ ಹಳಹಳಿಸುವಂತಾಗಬಾರದು ಎಂಬುದು ಅವನು ಕೊಟ್ಟ ಕಾರಣ.

ನಮ್ಮ ತಂದೆಗೆ ಮಾರ್ಕೊವಿಟ್ಸ್ ಗೊತ್ತಿರಲಿಲ್ಲ. ಆದರೆ ಕೂರಿಗೆ ಹೂಡಿದಾಗ ಇಷ್ಟು ಸಾಲು ಉದ್ದು ಅಥವಾ ಹೆಸರು ಆದ ಮೇಲೆ ಒಂದು ಸಾಲು ತೊಗರಿ ಎಂಬ ಲೆಕ್ಕ ತಪ್ಪುತ್ತಿರಲಿಲ್ಲ. ಅಕ್ಕಡಿ ಎಂದು ಇದಕ್ಕೆ ಹೆಸರು. ಕಡಿಮೆ ದಿನದ ಬೆಳೆ ಬೇಗ ಹೊಲ ಬಿಟ್ಟು ಹಬ್ಬದ ಖರ್ಚಿಗೆ ದುಡ್ಡು ತರುತ್ತಿತ್ತು. ತೊಗರಿ ನಿಂತು ಸಾಲ ತೀರಿಸುತ್ತಿತ್ತು. ಹಿರಿಯರಿಗೆ ಎಲ್ಲವೂ ಮೊದಲೇ ತಿಳಿದಿತ್ತೆಂದು ಬೀಗುವುದು ನನ್ನ ಉದ್ದೇಶವಲ್ಲ. ಅವರಿಗೆ ತಿಳಿಯದ್ದೂ ಬಹಳವಿತ್ತು. ಹಾಗಿಲ್ಲದಿದ್ದರೆ ಅಡತಿ ಅಂಗಡಿಯ ಬಡ್ಡಿಯಲ್ಲಿ ಅಷ್ಟು ಹೊಲಗಳು ಮುಳುಗುತ್ತಿರಲಿಲ್ಲ. ಆದರೆ ಈ ಒಂದು ಲೆಕ್ಕ ಅವರ ಕೈಬೆರಳುಗಳಲ್ಲಿತ್ತು.

ತಿಂಗಳು ಕಳೆದು ಮತ್ತೆ ಕಮಲನಗರಕ್ಕೆ ಹೋದೆ. ಹುಡುಗನಿಗೆ ಉದ್ದು ತೊಗರಿಯ ಲೆಕ್ಕ ಹೇಳಿದೆ. ಅವನು ಬೇಸರಪಡದೆ ಕೇಳಿ, "ಗೊತ್ತದ ಮಾಮಾ. ಅದಕ್ಕ ನಾ ಒಂದರಾಗ ಹಾಕಿಲ್ಲ, ಹನ್ನೆರಡು ಕಂಪನಿ ಅವ" ಎಂದ. ಪಟ್ಟಿ ಕೊಡು ಎಂದೆ. ಓದಿದೆವು. ಐದು ಬ್ಯಾಂಕು, ಮನೆಗೆ, ವಾಹನಕ್ಕೆ ಸಾಲ ಕೊಡುವ ಮೂರು ಕಂಪನಿ, ಮನೆ ಕಟ್ಟಿ ಮಾರುವ ಎರಡು, ಸಿಮೆಂಟಿನವು ಎರಡು. ಬಡ್ಡಿಯ ದರ ಏರಿದರೆ ಇವುಗಳಲ್ಲಿ ಯಾವುದು ನಿಲ್ಲುತ್ತದೆ ಎಂದು ಕೇಳಿದೆ. ಸಾಲ ದುಬಾರಿಯಾದರೆ ಮನೆ ಕೊಳ್ಳುವವರಿಲ್ಲ, ಮನೆ ಕೊಳ್ಳುವವರಿಲ್ಲದಿದ್ದರೆ ಕಟ್ಟುವವರಿಲ್ಲ, ಕಟ್ಟುವವರಿಲ್ಲದಿದ್ದರೆ ಸಿಮೆಂಟಿಲ್ಲ, ಕೊಟ್ಟ ಸಾಲವೂ ಹಿಂದಿರುಗದು. ಹನ್ನೆರಡು ಹೆಸರು, ಒಂದೇ ಮಳೆಯ ಬೆಳೆ. ಅವನು ಪೆನ್ನಿನ ತುದಿ ಕಚ್ಚಿಕೊಂಡು ಬಹಳ ಹೊತ್ತು ಆ ಪಟ್ಟಿಯನ್ನೇ ನೋಡಿದ. ಆಮೇಲೆ, "ಎಲ್ಲಾ ಉದ್ದು, ಹೆಸರೇ ಆಯ್ತಲ್ರಿ" ಎಂದ. ಅಧ್ಯಾಪಕನ ಜೀವನದಲ್ಲಿ ಇಂಥ ಗಳಿಗೆಗಳು ವಿರಳ. ಪಿಂಚಣಿಗಿಂತ ಮಿಗಿಲು.

ಅಕ್ಕಡಿಗೂ ಒಂದು ಮಿತಿಯಿದೆ. ನಾಲ್ಕನೆಯ ಬಗೆಯ ವರ್ಷವನ್ನು ಮರೆಯಬೇಡಿ. ಅದರಲ್ಲಿ ಮಿಶ್ರ ಬೆಳೆಯವನಿಗೂ ಎರಡೇ ಸಾವಿರ. 1972ರ ಬರಗಾಲ ನನಗೆ ನೆನಪಿದೆ. ನಮ್ಮಲ್ಲಿಯೂ ಪಕ್ಕದ ಮರಾಠವಾಡದಲ್ಲಿಯೂ ಉದ್ದೂ ಹೋಯಿತು, ತೊಗರಿಯೂ ಹೋಯಿತು, ಜೋಳವೂ ಹೋಯಿತು. ಹೊಲವಿದ್ದವರೂ ಇಲ್ಲದವರೂ ಒಂದೇ ಸಾಲಿನಲ್ಲಿ ಕುಳಿತು ಬರಗಾಲದ ಕಾಮಗಾರಿಯ ಜಲ್ಲಿ ಒಡೆದರು. ಷೇರುಪೇಟೆಯಲ್ಲಿಯೂ ಅಂಥ ವರ್ಷಗಳುಂಟು. 2008 ಅಂಥದು. 2020ರ ಮಾರ್ಚ್ 23ರಂದು, ಕೊರೋನಾದ ಭಯದಲ್ಲಿ, ಸೆನ್ಸೆಕ್ಸ್ ಒಂದೇ ದಿನ ನೂರಕ್ಕೆ 13ರಷ್ಟು ಕುಸಿಯಿತು. ಆ ದಿನ ಹನ್ನೆರಡು ಕಂಪನಿಯಲ್ಲ, ಇನ್ನೂರು ಕಂಪನಿ ಇಟ್ಟುಕೊಂಡವನಿಗೂ ಆಸರೆ ಇರಲಿಲ್ಲ. ಹಂಚಿ ಹಾಕುವುದರಿಂದ ಒಂದೊಂದು ಕಂಪನಿಗೆ ಅಂಟಿದ ಕೇಡನ್ನು ತಗ್ಗಿಸಬಹುದು. ಇಡೀ ಪೇಟೆಗೆ ಬಡಿದ ಬರವನ್ನಲ್ಲ.

ಬೆಲೆಯ ಮಾತೂ ಹಾಗೆಯೇ. 2015ರಲ್ಲಿ ಮಳೆ ಕೈಕೊಟ್ಟು ತೊಗರಿ ಕ್ವಿಂಟಾಲಿಗೆ ಹತ್ತು ಸಾವಿರ ದಾಟಿತು; ಮನೆಯಲ್ಲಿ ಮಾರುವಷ್ಟು ತೊಗರಿ ಇರಲಿಲ್ಲ. ಆ ಬೆಲೆಯನ್ನು ಕಂಡು ಮರುವರ್ಷ ಎಲ್ಲರೂ ತೊಗರಿಯನ್ನೇ ಬಿತ್ತಿದರು, ಮಳೆಯೂ ಆಯಿತು, ದೇಶದಲ್ಲಿಯೇ ದಾಖಲೆಯ ಬೆಳೆ ಬಂತು. 2017ರ ಆರಂಭದಲ್ಲಿ ಪೇಟೆಯ ದರ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿತ್ತು. ಕಳೆದ ವರ್ಷದ ಫಲವನ್ನು ನೋಡಿ ಈ ವರ್ಷ ಬಿತ್ತುವುದು, ಕಳೆದ ವರ್ಷ ಏರಿದ ಷೇರನ್ನು ಈ ವರ್ಷ ಕೊಳ್ಳುವುದು, ಎರಡೂ ಒಂದೇ ಬುದ್ಧಿ.

ಈ ಲೆಕ್ಕಗಳೆಲ್ಲ ಇನ್ನೊಂದು ನಂಬಿಕೆಯ ಮೇಲೆ ನಿಂತಿವೆ. ಬರೆದಿಟ್ಟ ಅಂಕಿ ನಿಜವೆಂಬ ನಂಬಿಕೆ. ನನ್ನ ಸಹಕಾರ ಸಂಘದ ಮೂರು ವರ್ಷದ ಬಡ್ಡಿಯನ್ನು ಈ ಸೂತ್ರಕ್ಕೆ ಹಾಕಿದರೆ ಬರುವ ಉತ್ತರವೇನು ಗೊತ್ತೆ? ಪ್ರತಿಫಲ ಉತ್ತಮ, ವಿಚಲನೆ ಸೊನ್ನೆ. ಜೋಖಿಮೇ ಇಲ್ಲ! ಹೈದರಾಬಾದಿನ ಸತ್ಯಂ ಕಂಪನಿ ಸೆನ್ಸೆಕ್ಸಿನೊಳಗೇ ಇತ್ತು. ಲೆಕ್ಕದಲ್ಲಿ ವರ್ಷಗಟ್ಟಲೆ ಸುಳ್ಳು ಬರೆದದ್ದನ್ನು ಅದರ ಮುಖ್ಯಸ್ಥರು 2009ರ ಜನವರಿ 7ರಂದು ತಾವೇ ಒಪ್ಪಿಕೊಂಡರು. ಹಿಂದಿನ ದಿನ 179 ರೂಪಾಯಿ ಇದ್ದ ಷೇರು ಆ ಸಂಜೆಗೆ ನಲವತ್ತಕ್ಕೆ ಬಂದಿತ್ತು. ಧರ್ಮರಾಯ ಎಷ್ಟೇ ಚೆನ್ನಾಗಿ ಗಣಿತ ಬಲ್ಲವನಾಗಿದ್ದರೂ ದಾಳ ಶಕುನಿಯದು ಎಂಬುದನ್ನು ಯಾವ ಸರಾಸರಿಯೂ ಅವನಿಗೆ ಹೇಳುತ್ತಿರಲಿಲ್ಲ.

ಇದನ್ನು ಹೇಳುವಾಗ ನಮ್ಮ ಬೀದರದ ಇಬ್ಬರು ವ್ಯಾಪಾರಿಗಳು ನೆನಪಾಗುತ್ತಾರೆ. ರಷ್ಯದ ತ್ವೇರ್ ಪಟ್ಟಣದ ಅಫನಾಸಿ ನಿಕಿತಿನ್ ವೋಲ್ಗಾ ನದಿಯ ದಾರಿಯಲ್ಲಿ ಸರಕನ್ನು ದರೋಡೆಕೋರರಿಗೆ ಕಳೆದುಕೊಂಡು, 1469ರ ಸುಮಾರಿಗೆ ಒಂದು ಗಂಡು ಕುದುರೆಯೊಡನೆ ಹಡಗು ಹತ್ತಿ ನಮ್ಮ ಪಡುವಣ ತೀರಕ್ಕೆ ಬಂದಿಳಿದ. ಅವನ ಬಂಡವಾಳವೆಲ್ಲ ಆ ಒಂದು ಕುದುರೆ. ಜುನ್ನಾರದ ಖಾನ ಅದನ್ನು ಕಸಿದುಕೊಂಡು, ಮತ ಬದಲಿಸಿದರೆ ಮಾತ್ರ ಕೊಡುತ್ತೇನೆಂದ. ಯಾರೋ ಪುಣ್ಯಾತ್ಮ ಮಧ್ಯೆ ಬಂದು ಬಿಡಿಸಿಕೊಟ್ಟ. ಒಂದು ವರ್ಷ ಅದಕ್ಕೆ ಮೇವು ಹಾಕಿ, ಕೊನೆಗೆ ಬೀದರದಲ್ಲಿ ಮಾರಿದೆನೆಂದು ಬರೆದಿದ್ದಾನೆ. ಒಂದೇ ಷೇರಿನಲ್ಲಿ ಎಲ್ಲವನ್ನೂ ಹಾಕಿದವನ ಒಂದು ವರ್ಷ ಹೇಗಿರುತ್ತದೆಂದು ತಿಳಿಯಬೇಕಾದರೆ ಅವನ ಟಿಪ್ಪಣಿಗಳನ್ನು ಓದಬೇಕು.

ಆಗ ಬೀದರದಲ್ಲಿ ವಜೀರನಾಗಿದ್ದವನು ಮಹಮೂದ್ ಗವಾನ್. ಅವನೂ ಪರ್ಷಿಯದಿಂದ ವ್ಯಾಪಾರಿಯಾಗಿ ಬಂದವನು. ವರ್ತಕರ ಅರಸ ಎಂಬ ಅರ್ಥದ ಮಲಿಕ್-ಉತ್-ತುಜ್ಜಾರ್ ಎಂಬ ಬಿರುದು ಅವನಿಗಿತ್ತು. ತಾನು ತಂದ ಮೂಲಧನವನ್ನು ವ್ಯಾಪಾರದಲ್ಲಿ ತೊಡಗಿಸಿ, ಅದರ ಲಾಭದಲ್ಲಿ ಮಾತ್ರ ತನ್ನ ಅಡುಗೆಮನೆ ನಡೆಸುತ್ತಿದ್ದನೆಂದು ಇತಿಹಾಸಕಾರ ಫೆರಿಷ್ತಾ ಹೇಳುತ್ತಾನೆ. ಹಣದ ಜೋಖಿಮು ಬಲ್ಲವನು. 1481ರಲ್ಲಿ, ಅವನ ಮುದ್ರೆ ಒತ್ತಿದ ಒಂದು ಖೊಟ್ಟಿ ಕಾಗದವನ್ನು ನಂಬಿ ಸುಲ್ತಾನ ಅವನ ತಲೆ ತೆಗೆಸಿದ. ಅವನು ಕಟ್ಟಿಸಿದ ಮದರಸಾದ ಮುಂದೆ ದಿನವೂ ಸಂಜೆ ನಾನು ತಿರುಗಾಡಲು ಹೋಗುತ್ತೇನೆ. ಯಾವ ಕಾಲಮ್ಮಿನಲ್ಲಿಯೂ ಬರೆಯಲಾಗದ ಜೋಖಿಮು ಎಂದರೆ ನನಗೆ ಆ ಕಾಗದ.

ಇರಲಿ. ಹೊಲದ ಮಾತಿಗೆ ಬರೋಣ. ಹುಡುಗ ಈಗ ಹನ್ನೆರಡು ಕಂಪನಿಯನ್ನು ಬಿಟ್ಟು ಇಡೀ ಸೂಚ್ಯಂಕವನ್ನೇ ಕೊಳ್ಳುವ ನಿಧಿಯ ಮಾತೆತ್ತಿದ. 2007ರ ಕೊನೆಯ 20,287, 2024ರ ಜುಲೈಯಲ್ಲಿ 80,000 ದಾಟಿದ್ದನ್ನು ತೋರಿಸಿದ. "2008 ನೋಡಿ ಅಂಜಿದವರು ಇದನ್ನ ಕಳಕೊಂಡ್ರು, ಮಾಮಾ." ಇದೂ ನಿಜ. ಕಾಯಬಲ್ಲವನಿಗೆ ಷೇರುಪೇಟೆ ಕೊಟ್ಟಿದೆ. ಹೊಲ ಎಂದಿಗೂ ಕೊಡಲಾರದಷ್ಟು ಕೊಟ್ಟಿದೆ. (ಆಪ್ಷನ್ ಎಂಬ ದಿನದಾಟದ ಮಾತನ್ನು ಅವನು ಎತ್ತಲಿಲ್ಲ. ಅದರಲ್ಲಿ ಮೂರು ವರ್ಷಗಳಲ್ಲಿ ನೂರಕ್ಕೆ 93 ಮಂದಿ ಸಾಮಾನ್ಯರು ಹಣ ಕಳೆದುಕೊಂಡರೆಂದು ಸೆಬಿಯೇ 2024ರಲ್ಲಿ ಪ್ರಕಟಿಸಿದ್ದನ್ನು ನಾನೇ ಓದಿ ಹೇಳಿದೆ.)

ಹಾಗಾದರೆ ಪ್ರಶ್ನೆ ಕಾಯುವುದರದ್ದು. ನಾನು ಅವನ ಪುಸ್ತಕದಲ್ಲಿಯೇ ಒಂದು ಹೊಸ ಪುಟ ತೆಗೆಸಿದೆ. 2007ರ ಕೊನೆಗೆ ಹೊಲ ಮಾರಿ ನಲವತ್ತು ಲಕ್ಷವನ್ನು ಸೂಚ್ಯಂಕಕ್ಕೆ ಹಾಕಿದೆ ಎಂದುಕೋ, ಲಾಭಾಂಶವನ್ನು ಬಿಡು. ನಿನ್ನ ತಾಯಿಯ ಔಷಧ, ಮನೆಯ ಖರ್ಚು ಎಂದು ವರ್ಷಕ್ಕೆ ಎರಡು ಲಕ್ಷ ಅದರಿಂದಲೇ ತೆಗೆಯಬೇಕು. ಲೆಕ್ಕ ಮಾಡು. ಅವನು ಮಾಡಿದ. ನಲವತ್ತು ಲಕ್ಷ ಒಂದು ವರ್ಷದಲ್ಲಿ 19 ಲಕ್ಷ ಆಯಿತು. ಎರಡು ಲಕ್ಷ ತೆಗೆದು ಹದಿನೇಳು. ಮರುವರ್ಷದ ದೊಡ್ಡ ಏರಿಕೆಯಲ್ಲಿ ಅದು 30 ಲಕ್ಷ 81 ಸಾವಿರಕ್ಕೆ ಬಂತು. ಮತ್ತೆ ಎರಡು ತೆಗೆದು 28 ಲಕ್ಷ 81 ಸಾವಿರ. ಏನೂ ತೆಗೆಯದೆ ಸುಮ್ಮನಿದ್ದಿದ್ದರೆ 34 ಲಕ್ಷ 44 ಸಾವಿರ ಇರುತ್ತಿತ್ತು. ಉಂಡದ್ದು ನಾಲ್ಕು ಲಕ್ಷ, ಕಡಿಮೆಯಾದದ್ದು ಐದು ಲಕ್ಷ ಅರವತ್ತು ಸಾವಿರಕ್ಕೂ ಮಿಕ್ಕಿ. ಕೆಟ್ಟ ವರ್ಷ ಮಾರಿ ಉಂಡ ಷೇರು ಒಳ್ಳೆಯ ವರ್ಷ ಏರಲು ಅಲ್ಲಿ ಇರುವುದಿಲ್ಲ; ಬಿತ್ತನೆಯ ಕಾಳನ್ನು ಬೇಯಿಸಿದ ಹಾಗೆ. ಅವನ ಆರು ಲಕ್ಷ ಬಂದರೆ ಸರಾಸರಿಯಲ್ಲಿ ಬರುತ್ತದೆ. ಮನೆಯಲ್ಲಿ ಒಲೆ ಉರಿಯಬೇಕಾದದ್ದು ಆಯಾ ವರ್ಷ, ಆಯಾ ದಿನ.

ಇಷ್ಟು ಹೊತ್ತೂ ಬಾಗಿಲ ಬಳಿ ಕುಳಿತು ತೊಗರಿ ಹಸನು ಮಾಡುತ್ತಿದ್ದ ತಂಗಿ ಮರವನ್ನು ಕೆಳಗಿಟ್ಟಳು. ಅವಳು ನಾಲ್ಕನೆಯ ತರಗತಿಯವರೆಗೆ ಓದಿದವಳು. ಸಹವಿಚಲನೆಯ ಮಾತು ಅವಳ ಕಿವಿಗೆ ಬಿದ್ದಿತ್ತೋ ಇಲ್ಲವೋ ತಿಳಿಯದು. "ನಾಕೂ ಎಕರೆ ಯಾಕ ಮಾರ್ತಿ? ಅದೂ ಒಂದೇ ಮಳಿಗಿ ಬಿತ್ತಿದಂಗ ಆಗ್ತದ. ರಸ್ತಾದ ಕಡಿದು ಒಂದು ಎಕರೆ ಮಾರು. ಆ ರೊಕ್ಕ ನಿನಗ ಬೇಕಾದಲ್ಲಿ ಇಡು, ನಾ ಕೇಳಂಗಿಲ್ಲ. ಮೂರು ಎಕರೆ ನನ್ನ ಕಣ್ಣ ಮುಂದ ಇರಲಿ" ಎಂದಳು. ನಾನೂ ಹುಡುಗನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಳೆಗೂ ಸೂಚ್ಯಂಕಕ್ಕೂ ನಂಟು ಬಹಳ ಸಡಿಲ. ನಮ್ಮಿಬ್ಬರ ಪುಸ್ತಕದಲ್ಲಿ ಎಲ್ಲಿಯೂ ಹೊಲವನ್ನೇ ಒಂದು ಸಾಲೆಂದು ಹಿಡಿದಿರಲಿಲ್ಲ. ಮಾರುವುದೋ ಬಿಡುವುದೋ ಎಂಬುದರಲ್ಲೇ ನಾವಿಬ್ಬರೂ ಸಿಕ್ಕಿಕೊಂಡಿದ್ದೆವು.

ಒಂದು ಎಕರೆ ಹೋಯಿತು. ನಮ್ಮ ತಂದೆ ಮದುವೆಯ ಉಡುಗೊರೆಯೆಂದು ಅವಳಿಗೆ ಬರೆದುಕೊಟ್ಟ ಹೊಲದ ತುಂಡು ಅದು; ನೋಂದಣಿಯ ದಿನ ಅವಳು ಮಾತನಾಡಲಿಲ್ಲ. ಮಾರಿದ್ದು ಸರಿಯೇ ಎಂದು ನನ್ನನ್ನು ಕೇಳಿದರೆ ಇಂದಿಗೂ ನಾನು ತಡವರಿಸುತ್ತೇನೆ. ಬಂದ ಹಣದಲ್ಲಿ ಎರಡು ವರ್ಷದ ಮನೆಖರ್ಚನ್ನು ಹುಡುಗ ಬ್ಯಾಂಕಿನ ಠೇವಣಿಯಲ್ಲಿಟ್ಟ. ಕೆಟ್ಟ ವರ್ಷ ಬಂದರೆ ಷೇರು ಮಾರಿ ಉಣ್ಣುವಂತಾಗಬಾರದೆಂದು. ಮಿಕ್ಕದ್ದನ್ನು ತಿಂಗಳು ತಿಂಗಳೂ ಸ್ವಲ್ಪ ಸ್ವಲ್ಪವಾಗಿ ಸೂಚ್ಯಂಕದ ನಿಧಿಗೆ ಹಾಕುತ್ತಿದ್ದಾನೆ. ಹನ್ನೆರಡು ಕಂಪನಿಗಳಲ್ಲಿ ಎಂಟನ್ನು ಬಿಟ್ಟ. ಮೂರು ಎಕರೆಯಲ್ಲಿ ಸೋಯಾದ ನಡುವೆ ತೊಗರಿಯ ಸಾಲು ಹಿಡಿದಿದ್ದಾನೆ.

ಆ ನೋಟುಪುಸ್ತಕದಲ್ಲಿ ಈಗ ಕಾಲಮ್ಮುಗಳು ಹೆಚ್ಚಾಗಿವೆ. ಊರಿಗೆ ಹೋದಾಗಲೆಲ್ಲ ನನಗೆ ತೋರಿಸುತ್ತಾನೆ. ಹೊಲಕ್ಕೊಂದು, ಠೇವಣಿಗೊಂದು, ನಿಧಿಗೊಂದು, ಉಳಿದ ನಾಲ್ಕು ಕಂಪನಿಗೆ ಒಂದೊಂದು. ಕಳೆದ ಸಲ ನೋಡಿದಾಗ ಕೊನೆಯಲ್ಲಿ ಇನ್ನೊಂದು ಇತ್ತು. "ಮಾಮಾನ ಸಂಘದ ರೊಕ್ಕ" ಎಂದು ಮೇಲೆ ಬರೆದಿದ್ದ. ಅದರ ಕೆಳಗೆ, ನಿರೀಕ್ಷಿತ ಪ್ರತಿಫಲ ಬರೆಯುವ ಜಾಗದಲ್ಲಿ, ಪೆನ್ಸಿಲಿನಲ್ಲಿ ಒಂದು ಸಣ್ಣ ಅಡ್ಡಗೆರೆ ಎಳೆದು ಬಿಟ್ಟಿದ್ದ.